ಹಡಗಿನ ಬೆಕ್ಕು

ಒಳಗೆ ಬಂದ ಮುದುಕಿಯ ಧ್ವನಿ ಕೇಳುತ್ತಲೇ, ಗಂಡನ ಶವದ ಮೇಲಿನ ಹೊದಿಕೆ ಸರಿಪಡಿಸುತ್ತಿದ್ದ ಅವಳ ಕೈ ನಿಂತಿತು. ಮುಖ ನೋಡಿರಲಿಲ್ಲ. ಧ್ವನಿ ಚೆನ್ನಾಗಿ ಗೊತ್ತಿತ್ತು.

ಮುದುಕಿ ನಿವೃತ್ತ ನರ್ಸು, ಗಂಡನ ಓದುಗರ ಬಳಗದವಳು. ಗ್ರಂಥಾಲಯದ ಗುಮಾಸ್ತನಾಗಿದ್ದ ಅವನು ಶನಿವಾರದ ಸಂಜೆಗಳಲ್ಲಿ ಹತ್ತು ಹನ್ನೆರಡು ಓದುಗರನ್ನು ಆನ್‌ಲೈನಿನಲ್ಲಿ ಸೇರಿಸಿ, ಹಳೆಯದೊಂದು ಸಮುದ್ರಯಾನದ ಸಾಹಸ ಕಾದಂಬರಿಯ ಚರ್ಚೆ ನಡೆಸುತ್ತಿದ್ದ. ಅಲ್ಲಿ ಎಲ್ಲರಿಗೂ ಹಡಗಿನವರ ಅಡ್ಡಹೆಸರುಗಳೇ; ಪರದೆಯಲ್ಲೂ ಮುಖದ ಕೆಳಗೆ ಅವೇ.

“ನಾನಲ್ಲಿ ಅಡುಗೆಭಟ್ಟ,” ಎಂದಳು ಮುದುಕಿ, ಅತ್ತೆಯ ಪಕ್ಕ ಕೂರುತ್ತ. “ನೀರು ಕಾಯಿಸಿದ್ರೂ ಸೀಯುತ್ತೆ ಅಂತ ನಿಮ್ಮ ಮಗನೇ ಇಟ್ಟ ಹೆಸರು.”

ಅತ್ತೆಗೆ ನಗು ಬಂತು. ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು.

ಎದೆನೋವಿನ ವಿಷಯ ಅವನು ಬಳಗದಲ್ಲಿ ಹೇಳಿದ್ದನ್ನೂ, ತಾನು ಬೈದು ಆಸ್ಪತ್ರೆಗೆ ಹೋಗು ಅಂದದ್ದನ್ನೂ ಮುದುಕಿ ತಿಳಿಸಿದಳು. ಮನೆ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲವಂತೆ; ಸಾವಿನ ಸುದ್ದಿ ತಿಳಿದ ಮೇಲೆ ಗ್ರಂಥಾಲಯದಲ್ಲಿ ವಿಳಾಸ ಕೇಳಿ ಬಂದಳಂತೆ.

“ಈ ಮನೇಲಿ ಒಬ್ಬರ ಕಿವಿಗೆ ಬಿದ್ದಿದ್ರೂ ನನ್ನ ಮಗ ಉಳೀತಿದ್ದ,” ಎಂದ ಅತ್ತೆ ಸೊಸೆಯ ಬೆನ್ನು ಸವರಿದಳು. “ಪಾಪ, ಇವಳಿಗೂ ಹೇಳಿಲ್ಲ ನೋಡಿ.”

“ಬಳಗದವರೆಲ್ಲ ಸಂತಾಪ ಬರೆದ್ರು. ಬೆಕ್ಕೊಂದು ಬಿಟ್ಟು,” ಎಂದಳು ಮುದುಕಿ. “ಹಡಗಿನ ಬೆಕ್ಕು ಅಂತ ಒಬ್ಬರಿದಾರೆ. ಯಾರೋ ಏನೋ.”

ಅವಳು ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

*

ಮನೆಯಲ್ಲಿ ಅವನ ಮಾತು ಕಡಿಮೆ. ಕೋಣೆಯ ಬಾಗಿಲು ಹಾಕಿಕೊಂಡು ಯಾರ ಜೊತೆ ಅಷ್ಟು ನಗುತ್ತಾನೆಂದು, ಒಂದು ಶನಿವಾರ ಅವಳೂ ತನ್ನ ಫೋನಿನಿಂದ ಸೇರಿಕೊಂಡಳು. ಹೆಸರು ಕೇಳಿದ ಕಡೆ ಹಡಗಿನ ಬೆಕ್ಕು ಎಂದು ಬರೆದಳು. ಮುಖ ತೋರಿಸಲಿಲ್ಲ.

“ಬೆಕ್ಕು ಮಾತಾಡಬೇಕಿಲ್ಲ,” ಎಂದಿದ್ದ ಅವನು. “ಇಲಿ ಹಿಡಿದ್ರೆ ಸಾಕು.”

ಮೂರು ತಿಂಗಳು ಅಡುಗೆಮನೆಯಲ್ಲಿ ನಿಂತು ಕೇಳಿದಳು. ನಾವಿಕನೊಬ್ಬ ಗಾಯ ಮುಚ್ಚಿಟ್ಟುಕೊಳ್ಳುವ ಅಧ್ಯಾಯ ಬಂದ ದಿನ ಅವನೆಂದ: “ನನಗೂ ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯುತ್ತೆ. ಮನೇಲಿ ಹೇಳಿಲ್ಲ. ಅವಳು ಹೆದರ್ತಾಳೆ.”

ಊಟದ ಹೊತ್ತಿಗೆ ಅವಳು ಹುಷಾರಾಗಿದ್ದೀಯಾ ಎಂದು ಕೇಳಿದಳು.

“ಗುಂಡುಕಲ್ಲಿನ ಹಾಗಿದೀನಿ. ಯಾಕೆ?”

“ಸುಮ್ನೆ.”

ಇಷ್ಟು ದಿನ ಕದ್ದು ಕೇಳಿದ್ದೇನೆಂದು ಹೇಳಬೇಕಾಗುತ್ತಿತ್ತು. ನಾಳೆ ಹೇಳೋಣ ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು. ಹದಿನಾಲ್ಕನೆಯ ದಿನ ಅವನು ಗ್ರಂಥಾಲಯದ ಮೆಟ್ಟಿಲ ಮೇಲೆ ಬಿದ್ದ.

*

ದೂರದೂರಿನ ಸದಸ್ಯರು ಕೊನೆಯ ಸಲ ಮುಖ ನೋಡಬೇಕೆಂದು ಆಗಲೇ ಆನ್‌ಲೈನಿನಲ್ಲಿ ಕಾಯುತ್ತಿದ್ದರು. ಮುದುಕಿಯ ಫೋನಿನಲ್ಲಿ ಅವರು ಕಾಣುತ್ತಿದ್ದರು. ಆದರೆ ಅದರ ಕ್ಯಾಮೆರಾ ಕೆಟ್ಟು ವರ್ಷವಾಗಿತ್ತು.

“ಅತ್ತಿಗೆ, ನನ್ನದರಲ್ಲಿ ಚಾರ್ಜಿಲ್ಲ. ನಿಮ್ಮ ಫೋನ್ ಕೊಡಿ,” ಎಂದಳು ನಾದಿನಿ.

ಅವಳು ಬೇಡ ಎಂದಳು. ಫೋನನ್ನು ಸೆರಗಿನಡಿ ಸರಿಸಿದಳು.

“ಕೊಡಮ್ಮ, ಪಾಪ ನೋಡ್ಕೊಳ್ಳಲಿ,” ಎಂದಳು ಅತ್ತೆ.

ಅವಳು ಕೊಟ್ಟಳು. ನಾದಿನಿ ಮುದುಕಿ ಹೇಳಿದಲ್ಲಿ ಒತ್ತಿ, ಫೋನನ್ನು ಅಣ್ಣನ ಮುಖದ ಮೇಲೆ ಅಲುಗದಂತೆ ಹಿಡಿದಳು. ಮುದುಕಿಯ ಪರದೆಯಲ್ಲಿ ಅವನ ಮುಖ ಮೂಡಿತು. ಸುತ್ತಲಿನ ಚೌಕಗಳಲ್ಲಿ ಕಣ್ಣೊರೆಸುತ್ತಿದ್ದ ಕೈಗಳು ಒಂದೊಂದಾಗಿ ನಿಂತವು.

ಮುದುಕಿ ಕನ್ನಡಕ ಹಾಕಿಕೊಂಡು ಮುಖದ ಕೆಳಗಿನ ಹೆಸರು ಓದಿದಳು. ತಲೆಯೆತ್ತಲಿಲ್ಲ.

“ಕಾಣ್ತಿದಾನಾ? ನನಗೂ ತೋರಿಸಿ,” ಎನ್ನುತ್ತ ಅತ್ತೆ ಮುದುಕಿಯ ಭುಜದ ಮೇಲೆ ಬಾಗಿದಳು.

ಮುದುಕಿಯ ಹೆಬ್ಬೆರಳು ನಿಧಾನವಾಗಿ ಗಾಜಿನ ಮೇಲೆ ಸರಿದು, ಅವನ ಗದ್ದದ ಕೆಳಗಿನ ಅಕ್ಷರಗಳನ್ನು ಮುಚ್ಚಿ ನಿಂತಿತು.