ಹಸ ಇರ್ಲಿ, ಅವನು ಬೇಡ

ಇಂದುಧರನಿಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅವನು ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಸ್ಟುಡಿಯೋದ ಮಾಲೀಕ. ನಾನು ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವವಳು, ಲತಾಮಣಿ. ಇದು 2004ರ ಮಾತು.

ನಮ್ಮ ಜಗಳವೆಲ್ಲ ಸಾಫ್ಟ್‌ವೇರಿನದು. ನಾನು ಫೋಟೋಶಾಪ್ ಕಲಿತವಳು. ಅವನು ಬೆಂಗಳೂರಿನಿಂದ ಇನ್ನೊಂದು ಸಿ.ಡಿ. ತಂದು ಹಾಕಿಕೊಂಡಿದ್ದ. ಅದಕ್ಕೇನೋ ದೊಡ್ಡ ಹೆಸರಿತ್ತು, ನಾನು ಮಾತ್ರ ಅದನ್ನು 'ಒಂದುಗುಂಡಿ' ಎನ್ನುತ್ತಿದ್ದೆ. ಅದರಲ್ಲಿ ಎಲ್ಲದಕ್ಕೂ ಒಂದು ಗುಂಡಿ ಒತ್ತಿದರೆ ಸಾಕು. ಮದುಮಗಳು ಕಪ್ಪಗಿದ್ದರೆ ಗುಂಡಿ ಒತ್ತು, ಮುಖಕ್ಕೆ ಸುಣ್ಣ ಬಳಿಯುತ್ತದೆ. ಹಳೇಬೀಡಿನ ಹುಲ್ಲುಹಾಸಿನ ಮೇಲೆ ನಿಂತ ಜೋಡಿಗೆ ಹಿಮದ ಬೆಟ್ಟ ಬೇಕೆಂದರೆ ಇನ್ನೊಂದು ಗುಂಡಿ ಒತ್ತು. ಅರೇಹಳ್ಳಿಯ ಹುಡುಗಿಯೊಬ್ಬಳು ತನ್ನ ಮದುವೆ ಆಲ್ಬಮ್ ತಿರುಗಿಸಿ, "ಇವಳು ಯಾರು?" ಎಂದು ಕೇಳಿದ್ದಳು. ಇಂದುಧರ ಅದನ್ನು ಹೊಗಳಿಕೆ ಅಂದುಕೊಂಡು ಹಲ್ಲು ಕಿರಿದಿದ್ದ.

ಒಂದುಗುಂಡಿಯ ಮೇಲೆ ನನಗೆ ಸಿಟ್ಟಿದ್ದದ್ದು ಸುಣ್ಣಕ್ಕಲ್ಲ. ಅದು ಮಾಡಿದ್ದನ್ನು ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿಬಿಡುತ್ತಿತ್ತು. ಕೇಳುವುದಿಲ್ಲ, ಹೇಳುವುದಿಲ್ಲ. ಹೋದದ್ದು ಹೋಯಿತು. ಫೋಟೋಶಾಪಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲೇಯರ್. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ ಚಿತ್ರವನ್ನು ಪದರ ಪದರವಾಗಿ ಇಡಬಹುದು. ಪ್ರತಿ ಪದರದ ಪಕ್ಕದಲ್ಲಿ ಒಂದು ಸಣ್ಣ ಕಣ್ಣಿನ ಗುರುತಿರುತ್ತದೆ. ಒತ್ತಿದರೆ ಆ ಪದರ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಏನೂ ಸಾಯುವುದಿಲ್ಲ.

"ಅರ್ಧ ದಿನ ಕೂತ್ಕೊಂಡು ಒಂದು ಫೋಟೋ ಮಾಡ್ತೀಯ. ನನ್ನ ಸಾಫ್ಟ್‌ವೇರಲ್ಲಿ ಎರಡು ನಿಮಿಷ," ಎನ್ನುತ್ತಿದ್ದ ಇಂದುಧರ.

"ಎರಡು ನಿಮಿಷಕ್ಕೆ ಏನಾಗುತ್ತೋ ಅದೇ ಆಗಿರುತ್ತೆ ಸಾರ್," ಎನ್ನುತ್ತಿದ್ದೆ ನಾನು.

ಹೀಗೆ ಮುಖ ಗಂಟಿಕ್ಕಿಕೊಂಡೇ ದಿನ ಕಳೆಯುತ್ತಿದ್ದಾಗ ನಂಜುಂಡಯ್ಯ ಬಂದ. ಗಂಡಸಿ ಕಡೆಯ ಒಂದು ಹಳ್ಳಿಯ ಹಾಲಿನ ಸೊಸೈಟಿಯ ಅಧ್ಯಕ್ಷ. ಆ ಹಳ್ಳಿಯ ಹೆಸರು ನಾನು ಬರೆಯುವುದಿಲ್ಲ, ಅಷ್ಟು ಮರ್ಯಾದೆ ಅದಕ್ಕೆ ಬೇಡ. ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು. ಪ್ಲಾಸ್ಟಿಕ್ ಕವರಿನಿಂದ ಒಂದು ಹಳೆಯ ಕಪ್ಪು ಬಿಳುಪು ಫೋಟೋ ತೆಗೆದು ಕೌಂಟರಿನ ಮೇಲಿಟ್ಟ. ಮಧ್ಯದಲ್ಲಿ ಮಡಿಕೆ ಬಿದ್ದು, ಒಂದು ಮೂಲೆ ಹರಿದಿತ್ತು.

"ಸೊಸೈಟಿಗೆ ಇಪ್ಪತ್ತೈದು ವರ್ಸ ಆಯ್ತು. ದೊಡ್ ಫಂಕ್ಷನ್ ಮಡಗಿದೀವಿ. ಇದು ಸುರು ಮಾಡಿದ ದಿವ್ಸದ ಪಟ. ಇದನ್ನ ಎಂಟಡಿ ಅಗಲ ಮಾಡಿ ಹಾಲ್‌ನಲ್ಲಿ ತಗಲಾಕ್ಬೇಕು. ಮಧ್ಯ ಕುಂತೌರಲ್ಲ, ಅವ್ರು ನಮ್ಮಪ್ಪ, ದೇವೀರಪ್ಪೋರು."

ಫೋಟೋದಲ್ಲಿ ಐದು ಜನ ಕುರ್ಚಿಯ ಮೇಲೆ ಮೀಸೆ ತಿರುವಿಕೊಂಡು ಕೂತಿದ್ದರು. ಹಿಂದೆ ಸುಣ್ಣದ ಗೋಡೆ. ಬಲಗಡೆ ಕೊರಳಿಗೆ ಹೂವು ಕಟ್ಟಿದ ಒಂದು ಸೀಮೆಹಸು. ಅದರ ಆಚೆ, ತುದಿಯಲ್ಲಿ, ತಲೆಗೆ ಟವೆಲ್ ಸುತ್ತಿದ ಒಬ್ಬ ತೆಳ್ಳನೆಯ ಮನುಷ್ಯ ಹಸುವಿನ ಹಗ್ಗ ಹಿಡಿದು ನಿಂತಿದ್ದ.

"ಈ ತುದೀಲಿ ನಿಂತಿರೋನ್ನ ತೆಗೀರಿ," ಎಂದ ನಂಜುಂಡಯ್ಯ.

"ಹಸುನೂ ತೆಗೀಬೇಕಾ?" ಎಂದು ಇಂದುಧರ ಕೇಳಿದ.

"ಹಸ ಯಾಕ್ರೀ ತೆಗೀತೀರ? ಹಸ ಲಕ್ಷ್ಮಿ. ಸೊಸೈಟಿಗೆ ಬಂದ ಮೊದಲ್ನೇ ಹಸ ಅದು. ಹಸ ಇರ್ಲಿ, ಅವನು ಬೇಡ. ಪಟಕ್ಕೆ ಹಾರ ಹಾಕ್ತೀವಿ, ಪೂಜೆ ಮಾಡ್ತೀವಿ. ಅವನಿದ್ರೆ ಅವನಿಗೂ ಹಾರ ಹಾಕ್ದಂಗಾಗಲ್ವಾ? ಊರೋರು ಏನಂತಾರೆ?"

"ಯಾರು ಸಾರ್ ಅವರು?" ಎಂದೆ.

"ನಮ್ಮನೇಲಿ ಆಳಾಗಿದ್ದ, ಕರಿಯ ಅಂತ. ಆಮೇಲೆ ನಮ್ ಪಂಪ್‌ಸೆಟ್ಟಲ್ಲೇ ಕರೆಂಟ್ ಹೊಡ್ದು ಹೋದ. ನಿಂದ್ಯಾವೂರಮ್ಮ?"

"ಅರಸೀಕೆರೆ," ಎಂದೆ.

ಬಾಯಿ ಅಷ್ಟನ್ನು ಹೇಳಿದ್ದೇ ಹೆಚ್ಚು. ನಮ್ಮಪ್ಪನ ಹೆಸರು ಕರಿಯಯ್ಯ. ಅದೇ ಊರಿನಲ್ಲಿ, ಅದೇ ಪಂಪ್‌ಸೆಟ್ಟಿನ ಸ್ವಿಚ್ ಹಾಕಲು ಹೋಗಿ ಸತ್ತಾಗ ನನಗೆ ಮೂರು ವರ್ಷ. ತಿಂಗಳು ತುಂಬುವುದರೊಳಗೆ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅರಸೀಕೆರೆಗೆ ಬಂದಳು, ಒಂದು ಶಾಲೆಯಲ್ಲಿ ಆಯಾ ಆದಳು. ನಮ್ಮ ಮನೆಯ ಗೋಡೆಯಲ್ಲಿ ಬುದ್ಧನ ಪಟವಿದೆ, ಬಾಬಾಸಾಹೇಬರ ಪಟವಿದೆ. ಅಪ್ಪನದು ಇರಲಿಲ್ಲ. ಅಪ್ಪನದೊಂದು ಫೋಟೋ ಎಲ್ಲೂ ಇರಲಿಲ್ಲ. ಈ ಇಪ್ಪತ್ನಾಲ್ಕರ ವಯಸ್ಸಿನವರೆಗೂ ನಾನು ಕನ್ನಡಿಯಲ್ಲಿ ನನ್ನ ಮೂಗು ನೋಡಿಕೊಂಡು ಇದು ಯಾರದು ಎಂದು ಯೋಚಿಸಿದ್ದೇನೆ. ಈಗ ಆ ಮೂಗು ಕೌಂಟರಿನ ಮೇಲಿತ್ತು. ಅದನ್ನು ತೆಗೆ ಎಂದು ಒಬ್ಬ ನನಗೇ ಹೇಳುತ್ತಿದ್ದ.

ಇಂದುಧರನಿಗೆ ಗಿರಾಕಿಯ ಮುಂದೆ ತನ್ನ ಒಂದುಗುಂಡಿ ತೋರಿಸುವ ಆಸೆ. ನನ್ನನ್ನು ಏಳಿಸಿ ತಾನೇ ಕೂತ. ಫೋಟೋ ಸ್ಕ್ಯಾನ್ ಮಾಡಿ, ಅಪ್ಪನ ಸುತ್ತ ಒಂದು ಗೆರೆ ಎಳೆದು, ಗುಂಡಿ ಒತ್ತಿದ. ಅಪ್ಪ ಇದ್ದ ಜಾಗ ಅಂಬಲಿ ಚೆಲ್ಲಿದಂತೆ ಕಲಸಿಹೋಯಿತು. ಜೊತೆಗೆ ಹಸುವಿನ ಅರ್ಧ ಮುಖವೂ ಹೋಯಿತು.

"ಏನ್ರೀ ಇದು! ಲಕ್ಷ್ಮಿ ತಲೇನೇ ತೆಗ್ದುಬುಟ್ರಲ್ರೀ!" ನಂಜುಂಡಯ್ಯ ಕೌಂಟರ್ ಕುಟ್ಟಿದ.

ಇಂದುಧರ ಆ ಗುಂಡಿ ಒತ್ತಿದ, ಈ ಗುಂಡಿ ಒತ್ತಿದ. ಒಂದುಗುಂಡಿ ತನ್ನ ಬುದ್ಧಿ ಬಿಡಲಿಲ್ಲ, ಹಾಳು ಮಾಡಿದ್ದನ್ನು ಸೇವ್ ಮಾಡಿಯಾಗಿತ್ತು. ನಂಜುಂಡಯ್ಯ ಎದ್ದು ಫೋಟೋವನ್ನು ಕವರಿಗೆ ಹಾಕಿಕೊಂಡ. "ಹಾಸನದಲ್ಲೇ ಮಾಡಿಸ್ಕತೀನಿ. ದೊಡ್ಡದು ಬಂದ್ಮೇಲೆ ಇದನ್ನ ಹೊಳೆಗೆ ಬಿಡೋದೇ. ಹರಿದ ಪಟ ಮನೇಲಿ ಇರ್ಬಾರ್ದು."

ಅವನು ಮೆಟ್ಟಿಲಿಳಿದರೆ ಅಪ್ಪ ಹೊಳೆಗೆ. ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಕೈಮುಗಿದೆ. ಹಲ್ಲು ಬಿಟ್ಟು ನಕ್ಕೆ.

"ಅಯ್ಯೋ, ಕೂತ್ಕೊಳ್ಳಿ ಸಾರ್. ಫೋಟೋ ಒಂದು ದಿನ ಇಲ್ಲೇ ಬಿಟ್ಟು ಹೋಗಿ. ಫೋಟೋಶಾಪಲ್ಲಿ ನಾನು ಮಾಡಿಕೊಡ್ತೀನಿ. ದೇವೀರಪ್ಪನವರು ಈಗ ಎದ್ದು ಮಾತಾಡ್ತಾರೆ ಅನ್ನೋ ಹಂಗೆ ಮಾಡ್ತೀನಿ."

ಅವನು ಇಂದುಧರನನ್ನು ನೋಡಿದ. ಇಂದುಧರ ನೆಲ ನೋಡುತ್ತಿದ್ದ.

"ಸರಿ. ಆದ್ರೆ ನೋಡಮ್ಮ, ಅವನೊಬ್ಬನ್ನ ತೆಗಿ. ಬ್ಯಾರೆ ಏನೂ ಮುಟ್ಬೇಡ. ಒಂದು ಹುಲ್ಲುಕಡ್ಡಿನೂ ಆಚೀಚೆ ಆಗ್ಬಾರ್ದು."

"ಆಗಲಿ ಸಾರ್. ಅವರೊಬ್ಬರನ್ನೇ ತೆಗೀತೀನಿ."

ಅವನು ಹೋದ ಮೇಲೆ ಫೋಟೋವನ್ನು ಮತ್ತೆ ಸ್ಕ್ಯಾನ್ ಮಾಡಿ ಮೂರು ಸಿ.ಡಿ.ಗೆ ಹಾಕಿದೆ. ಅಪ್ಪನ ಸೊಂಟದವರೆಗಿನ ಒಂದು ಪ್ರಿಂಟ್ ತೆಗೆದುಕೊಂಡು ಸಂಜೆ ಮನೆಗೆ ಹೋದೆ.

ಅವ್ವ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಪ್ರಿಂಟನ್ನು ಅವಳ ಮುಂದೆ ಹಿಡಿದೆ. ಕೈ ಒರೆಸಿಕೊಂಡು ತೆಗೆದುಕೊಂಡಳು.

"ಇಷ್ಟು ಚಿಕ್ಕೋನಾ ಇದ್ದದ್ದು," ಎಂದಳು. "ನಾನು ಮುದುಕಿ ಆಗೋದೆ, ಇವ್ನು ನೋಡು."

ಆಮೇಲೆ ಒಂದೊಂದೇ ಹೇಳಿದಳು. ಆ ಹಸುವನ್ನು ಗಂಡಸಿಯಿಂದ ನಡೆಸಿಕೊಂಡು ಬಂದವನು ಅಪ್ಪನೇ. ಅದು ಬೇರೆ ಯಾರು ಹತ್ತಿರ ಹೋದರೂ ಒದೆಯುತ್ತಿತ್ತು. ಮೊದಲ ದಿನ ಸೊಸೈಟಿಗೆ ಹಾಲು ಕರೆದು ಕೊಟ್ಟವನೂ ಅವನೇ. ಎರಡು ವರ್ಷ ಕಳೆದು ನಾವೇ ಒಂದು ಹಸು ಕಟ್ಟಿದಾಗ ಮಾತ್ರ ನಮ್ಮ ಹಾಲನ್ನು ಸೊಸೈಟಿ ಕ್ಯಾನಿಗೆ ಹುಯ್ಯಗೊಡಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಊರಲ್ಲಿ ಕೈ ನಮ್ಮದು, ಬಾಯಿ ಅವರದು.

ನಂಜುಂಡಯ್ಯ ಏನು ಮಾಡಲು ಹೇಳಿದ್ದಾನೆಂದು ಹೇಳಿದೆ. ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಪ್ರಿಂಟನ್ನೇ ನೋಡುತ್ತಿದ್ದಳು. ಕೆಳಗಿನ ಅಂಚಿನಲ್ಲಿ ಅಪ್ಪನ ಮುಷ್ಟಿ, ಅದರಲ್ಲಿ ಹಗ್ಗ ಕಾಣುತ್ತಿತ್ತು.

"ಮಗಾ, ನಿಂಗೆ ಬರುತ್ತಲ್ಲ ತೆಗೆಯೋದು. ಈ ಹಗ್ಗ ತೆಗೆದುಕೊಡು ನಂಗೆ. ಸಾಯೋಗಂಟ ಹಿಡ್ಕಂಡಿದ್ದ. ಸಾಕು."

ಮಾರನೆಯ ದಿನ ಮೊದಲು ಮಾಡಿದ್ದು ಅವ್ವನ ಕೆಲಸವನ್ನೇ. ಅಪ್ಪನನ್ನು ಬಿಡಿಸಿ ಬೇರೆ ಪದರದಲ್ಲಿಟ್ಟೆ. ಕ್ಲೋನ್ ಸ್ಟ್ಯಾಂಪ್ ಅಂತ ಒಂದು ಸಾಧನವಿದೆ, ಒಂದು ಕಡೆಯ ಚರ್ಮವನ್ನೋ ಗೋಡೆಯನ್ನೋ ಎತ್ತಿ ಇನ್ನೊಂದು ಕಡೆ ಒತ್ತುವುದು. ಅಪ್ಪನ ಬೆರಳಿನಿಂದಲೇ ಚೂರು ಚೂರು ಎತ್ತಿ ಹಗ್ಗ ಇದ್ದ ಕಡೆ ತುಂಬಿದೆ. ಹಗ್ಗ ಹೋಯಿತು. ಮುಷ್ಟಿ ಹಾಗೇ ಉಳಿಯಿತು.

ಆಮೇಲೆ ದೊಡ್ಡ ಫೋಟೋ ತೆರೆದೆ. ಅಪ್ಪನ ಜಾಗಕ್ಕೆ ಸುಣ್ಣದ ಗೋಡೆಯನ್ನು ತುಂಬುತ್ತ ಬಂದೆ. ಕಾಲು, ಎದೆ, ಮುಖ. ಮುಖ ಮುಚ್ಚುವಾಗ, ಪದರದ ಪಕ್ಕದ ಆ ಕಣ್ಣಿನ ಗುರುತು ಇದೆಯಲ್ಲ, ಒತ್ತಿದರೆ ಮತ್ತೆ ಬರುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ. ಕೊನೆಗೆ ಮುಷ್ಟಿಯೂ ಹೋಯಿತು. ಉಳಿದದ್ದು ಹಗ್ಗ. ಹಸುವಿನ ಕೊರಳಿಂದ ಬಿಗಿಯಾಗಿ ಹೊರಟು, ಗಾಳಿಯಲ್ಲಿ ಎರಡು ಮಾರು ಬಂದು, ಗೋಡೆಯ ಮುಂದೆ ಸುಮ್ಮನೆ ನಿಂತಿತ್ತು.

ಅದನ್ನು ಅಳಿಸಲು ಕೈ ಎತ್ತಿದವಳು ಹಾಗೇ ನಿಂತೆ. ಬೇರೆ ಏನೂ ಮುಟ್ಟಬೇಡ ಎಂದಿದ್ದನಲ್ಲ. ಮುಟ್ಟಲಿಲ್ಲ. ಅಲ್ಲ, ಒಂದಿಷ್ಟು ಮುಟ್ಟಿದೆ. ಫೋಟೋಶಾಪಿನಲ್ಲಿ ಶಾರ್ಪನ್ ಎಂದಿದೆ, ಮಸುಕಾದದ್ದನ್ನು ಚುರುಕು ಮಾಡುವುದು. ಹಗ್ಗದ ಹುರಿಹುರಿಗೂ ಅದನ್ನು ಕೊಟ್ಟೆ.

ನಂಜುಂಡಯ್ಯ ಮೂರು ಗಂಟೆಗೆ ಬಂದ. ನಾನು ದೇವೀರಪ್ಪನ ಮುಖವನ್ನೇ ಸ್ಕ್ರೀನ್ ತುಂಬ ಹಿಗ್ಗಿಸಿ ಕಾದಿದ್ದೆ. "ಮೀಸೆ ಇನ್ನೂ ವಸಿ ಕಪ್ಪು ಮಾಡು," ಎಂದ. ಮಾಡಿದೆ. "ಕೆನ್ನೆ ಮ್ಯಾಲಿನ ಗಂಟು ತೆಗಿ." ತೆಗೆದೆ. ತನ್ನ ಅಪ್ಪನ ಗಂಟು ತೆಗೆಸಿ, ಮೀಸೆಗೆ ಬಣ್ಣ ಹಾಕಿಸಿ, ಕಣ್ಣಲ್ಲಿ ನೀರು ತುಂಬಿಕೊಂಡ. ಆಮೇಲೆ ಅಂಗೈಯಗಲದ ಒಂದು ಪ್ರಿಂಟ್ ಕೊಟ್ಟೆ. ಅದರಲ್ಲಿ ಹಗ್ಗ ದಾರದಷ್ಟಿತ್ತು. ತುದಿಯಲ್ಲಿ ಬರಿಯ ಗೋಡೆ ನೋಡಿ ತಲೆಯಾಡಿಸಿದ. ಹಳೆಯ ಫೋಟೋ ತೆಗೆದುಕೊಂಡು ಹೋದ. ಹೊಳೆಗೆ ಬಿಟ್ಟನೋ ಒಲೆಗೆ ಹಾಕಿದನೋ ನನಗೇನು?

"ನೋಡಿದ್ಯಾ, ಗಿರಾಕಿ ಖುಷಿ," ಎಂದ ಇಂದುಧರ, ತಾನೇ ಮಾಡಿದವನಂತೆ.

ಹಾಸನದಲ್ಲಿ ಫ್ಲೆಕ್ಸ್ ಪ್ರಿಂಟ್ ಆಗಿ, ಸುತ್ತಿಕೊಂಡು ನೇರ ಹಳ್ಳಿಗೇ ಹೋಯಿತು. ಸಮಾರಂಭದ ದಿನ ಫೋಟೋ ತೆಗೆಯಲು ಇಂದುಧರ ನನ್ನನ್ನೂ ಕರೆದುಕೊಂಡು ಹೋದ. ಹುಟ್ಟಿದ ಊರಿಗೆ ನಾನು ಇಪ್ಪತ್ತೊಂದು ವರ್ಷದ ಮೇಲೆ ಹೋದದ್ದು ಹಾಗೆ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು.

ಹಾಲ್ ತುಂಬ ಜನ. ಸಾಹೇಬರು ಯಾರೋ ಪರದೆ ಎಳೆದರು. ಚಪ್ಪಾಳೆ. ಸೇವಂತಿಗೆಯ ಭಾರಿ ಹಾರವನ್ನು ನಂಜುಂಡಯ್ಯ ದೇವೀರಪ್ಪನ ತಲೆಯ ನೇರಕ್ಕೆ ಮೊಳೆಗೆ ಹಾಕಿದ. ಚಪ್ಪಾಳೆ ಹಾಗೇ ಸಣ್ಣಗಾಗುತ್ತ ನಿಂತಿತು. ಎಂಟಡಿಯ ಚಿತ್ರದಲ್ಲಿ ಹಗ್ಗ ಈಗ ನನ್ನ ಬೆರಳಿನಷ್ಟು ದಪ್ಪವಿತ್ತು. ಹಸು ಅದನ್ನು ಎಳೆಯುತ್ತಿತ್ತು, ಆ ತುದಿಯಲ್ಲಿ ಯಾರೂ ಇಲ್ಲದಿದ್ದರೂ ಹಗ್ಗ ಬಿಗಿಯಾಗಿತ್ತು.

ಮುಂದಿನ ಸಾಲಿನಲ್ಲಿ ರಂಗಮ್ಮ ಎಂಬ ಮುದುಕಿ ಕೂತಿದ್ದಳು. ಸೊಸೈಟಿಗೆ ಮೊದಲ ವರ್ಷ ಹಾಲು ಹಾಕಿದವರಲ್ಲಿ ಉಳಿದವಳು ಎಂದು ಆಗತಾನೆ ಶಾಲು ಹೊದಿಸಿದ್ದರು. ಅವಳಿಗೆ ಕಿವಿ ಮಂದ, ಹಾಗಾಗಿ ದನಿ ಜೋರು.

"ಹಸ ಹಿಡ್ಕಂಡಿದ್ದ ಕರಿಯಯ್ಯ ಎಲ್ಲೋದ್ನೋ?"

ಯಾರೋ ಹಿಂದೆ ಕಿಸಕ್ಕೆಂದರು. "ಹಗ್ಗ ಯಾರ ಕೈಲೈತ್ಲಾ?" ಎಂದು ಇನ್ನೊಬ್ಬ. ಮಾತು ಸಾಲಿನಿಂದ ಸಾಲಿಗೆ ಹೋಯಿತು. ಮರೆತವರಿಗೆ ನೆನಪಾಯಿತು, ಗೊತ್ತಿಲ್ಲದವರು ಕೇಳಿದರು. ಐವರು ಸಂಸ್ಥಾಪಕರನ್ನು ನೋಡುವವರು ಒಬ್ಬರೂ ಇರಲಿಲ್ಲ.

ನಂಜುಂಡಯ್ಯ ನನ್ನ ಹತ್ತಿರ ಬಂದ. ಮುಖ ಕೆಂಡ. "ಏನಮ್ಮ ಇದು?"

"ನೀವು ಹೇಳಿದ್ದೇ ಸಾರ್. ಅವರೊಬ್ಬರನ್ನ ತೆಗೆದಿದೀನಿ. ಬೇರೆ ಏನೂ ಮುಟ್ಟಿಲ್ಲ."

ನನ್ನ ಮುಖವನ್ನು ಅವನು ಆಗ ಸರಿಯಾಗಿ ನೋಡಿದ. ಮೂಗಿನ ಮೇಲೆ ಕಣ್ಣು ನಿಂತಿತು. "ಯಾವೂರು ಅಂದೆ ನಿಂದು?"

"ಇದೇ ಊರು."

ಇಂದುಧರ ನನ್ನ ತೋಳು ಎಳೆದು, ನಾಳೆಯಿಂದ ಬರಬೇಡ ಎಂದು ಕಿವಿಯಲ್ಲಿ ಹೇಳಿದ. ಬಿಡಿಸಿಕೊಂಡೆ. ಅಷ್ಟರಲ್ಲಿ ನಂಜುಂಡಯ್ಯ ವೇದಿಕೆಗೆ ಮರಳಿ ಕೈಸನ್ನೆ ಮಾಡುತ್ತಿದ್ದ. ಹಗ್ಗದ ತುದಿಯನ್ನಾದರೂ ಮುಚ್ಚಬೇಕಿತ್ತು. ಮುಚ್ಚಲು ಕೈಗೆ ಸಿಕ್ಕಿದ್ದು ಒಂದೇ. ಇಬ್ಬರು ಸ್ಟೂಲು ಹತ್ತಿ ದೇವೀರಪ್ಪನ ತಲೆಯ ಮೇಲಿನ ಹಾರವನ್ನು ತೆಗೆದರು. ಬಲಗಡೆ, ಹಗ್ಗದ ತುದಿಯ ನೇರಕ್ಕೆ ಹೊಸ ಮೊಳೆ ಹೊಡೆದು ನೇತುಹಾಕಿದರು.

ಹಾರ ಅಪ್ಪ ನಿಂತಿದ್ದ ಜಾಗದಲ್ಲಿ ತಲೆಯಿಂದ ಕಾಲಿನವರೆಗೆ ಇಳಿಬಿತ್ತು. ರಂಗಮ್ಮ ಎದ್ದು ಬಂದು, ಅದರ ಮುಂದೆ ನಿಂತು ಕೈಮುಗಿದಳು. ನಾನು ಕ್ಯಾಮೆರಾ ಎತ್ತಿ ಕ್ಲಿಕ್ ಮಾಡಿದೆ.