ಸಾಕ್ಷಿ ಹೇಳಿದ ಸೂಕ್ಷ್ಮದರ್ಶಕ

ನಾನೊಂದು ಸೂಕ್ಷ್ಮದರ್ಶಕ. ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರನ್ನು ಕಂಡರೂ ಆಗುವುದಿಲ್ಲ. ಹುಟ್ಟುವಾಗ ಹೀಗಿರಲಿಲ್ಲ. ಉತ್ತರದ ಕಡೆಯ ಒಂದು ಊರಿನ ತಗಡಿನ ಚಾವಣಿಯ ಕಾರ್ಖಾನೆಯಲ್ಲಿ ನನ್ನ ಕೊಳವೆಗೆ ಗಾಜು ಕೂರಿಸಿದ ಮುದುಕ, ಈರುಳ್ಳಿಯ ತೆಳ್ಳನೆಯ ಪೊರೆಯೊಂದನ್ನು ಇಟ್ಟು ನೋಡಿದ. ಇಟ್ಟಿಗೆ ಜೋಡಿಸಿದ ಗೋಡೆಯಂತೆ ಅದರ ಕೋಶಗಳು ಕಂಡವು. ಮುದುಕ ತಲೆದೂಗಿ, ಒಣಹುಲ್ಲಿನಲ್ಲಿ ಸುತ್ತಿ ನನ್ನನ್ನು ಪೆಟ್ಟಿಗೆಗೆ ಹಾಕಿದ. ಇಡೀ ಜೀವಮಾನದಲ್ಲಿ ನಾನು ಸರಿಯಾಗಿ ತೋರಿಸಿದ್ದು ಅದೊಂದೇ.

ಪೆಟ್ಟಿಗೆ ಬಿಚ್ಚಿದ್ದು ಕೊಪ್ಪಳದ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಹೆಡ್‌ಮಾಸ್ತರ ಈರಸಂಗಪ್ಪನವರು ನನ್ನನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ, ತಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಜಡಿದರು. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

"ಮುಟ್ಟಿಗಿಟ್ಟೀರಿ ಮತ್ತ! ಒಡದ್ರ ಯಾರ ಜವಾಬ್ದಾರಿ?" ಎಂದು ಕಿಟಕಿಯಲ್ಲಿ ಇಣುಕಿದ ಮಕ್ಕಳನ್ನು ಗದರಿಸಿದರು. ಅಂದಿನಿಂದ ಆ ಮನುಷ್ಯನ ಮೇಲೆ ನನಗೆ ಹಗೆ.

ವರ್ಷಕ್ಕೊಂದು ದಿನ, ದಸರೆಯ ಆಯುಧಪೂಜೆಗೆ, ಆ ಕಡೆಯವರ ಖಂಡೇ ಪೂಜೆಗೆ, ನಾನು ಹೊರಗೆ ಬರುತ್ತಿದ್ದೆ. ಮಾಸ್ತರರ ಸೈಕಲ್ಲು, ಶಾಲೆಯ ಗಂಟೆ, ಅಡುಗೆಯವಳ ಈಳಿಗೆಮಣೆ, ಇವುಗಳ ಸಾಲಿನಲ್ಲಿ ನನ್ನನ್ನೂ ಕೂರಿಸಿ ಪೂಜೆ ಮಾಡುತ್ತಿದ್ದರು. ಕೊಳವೆಗೆ ವಿಭೂತಿ, ಮೇಲೆ ಕಣ್ಣಿಟ್ಟು ನೋಡುವ ಗಾಜಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಒರೆಸಿದರೆ ಅಪಶಕುನವಂತೆ! ಹನ್ನೊಂದು ವರ್ಷ, ಹನ್ನೊಂದು ಪದರ. ಕಾಣಿಸಲೆಂದೇ ಹುಟ್ಟಿದ ನನ್ನ ಕಣ್ಣಿಗೆ ಕುಂಕುಮ ಮೆತ್ತಿ, ಅದಕ್ಕೇ ಕೈ ಮುಗಿಯುತ್ತಿದ್ದರು ಪುಣ್ಯಾತ್ಮರು.

ಹೀಗಿರುವಾಗ ಭಾಗೀರಥಿ ಎಂಬ ಶಿಕ್ಷಕಿ ಬಂದಳು. ಐದನೇ ತರಗತಿಗೆ ವಿಜ್ಞಾನ ಅವಳದು. ಬಂದ ವಾರವೇ ನನ್ನನ್ನು ಹೊರಗೆ ತೆಗೆದುಕೊಡಿ ಎಂದು ಮಾಸ್ತರರನ್ನು ಕೇಳಿದಳು.

"ಇನ್‌ಸ್ಪೆಕ್ಷನ್ ಬಂದಾಗ ತಗೀತೀನ್ರಿ ಅಕ್ಕೋರ," ಎಂದರು ಮಾಸ್ತರು.

ಅವಳು ಮತ್ತೆ ಕೇಳಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಾಳೆ ನನ್ನ ಬಳಿಗೇ ಬರಬೇಕು ಎಂದು ನಾನು ಬಿಗುಮಾನದಿಂದ ಕಾದೆ. ಬರಲಿಲ್ಲ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಕಪಾಟಿನ ಗಾಜಿನಾಚೆ ಕಿಟಕಿ, ಕಿಟಕಿಯಾಚೆ ಅಂಗಳ. ನೋಡುವುದಕ್ಕೆ ನನಗೆ ಮೈಯೆಲ್ಲ ಕಣ್ಣು, ತೋರಿಸುವುದಕ್ಕೆ ಮಾತ್ರ ಒಂದೇ. ಎಲ್ಲವನ್ನೂ ನೋಡಿದೆ, ನೋಡಿ ಉರಿದುಕೊಂಡೆ. ಅರಿಶಿನ ಬಳಿದ ಕಾಗದಕ್ಕೆ ಸಾಬೂನಿನ ನೀರು ಹಚ್ಚಿ ಕೆಂಪಾಗಿಸಿದಳು. ಬೇವಿನ ಮರದ ಬುಡದಲ್ಲಿ ಬೆಲ್ಲದ ಚೂರಿಟ್ಟು ಇರುವೆಗಳ ಸಾಲು ಎಲ್ಲಿಂದ ಹೊರಟಿತೆಂದು ಹುಡುಕಿಸಿದಳು. ಕೊನೆಗೆ ಹಳೆಯ ಮದುವೆ ಕಾಗದಕ್ಕೊಂದು ತೂತು ಕೊರೆದು, ಅಂಚಿಗೆ ಎಣ್ಣೆ ಸವರಿ, ಅದರಲ್ಲಿ ಒಂದು ಹನಿ ನೀರು ನಿಲ್ಲಿಸಿದಳು. ಆ ಹನಿಯೊಳಗಿಂದ ನೋಡಿದರೆ ಇರುವೆಯ ಮೀಸೆ ದೊಡ್ಡದಾಗಿ ಕಾಣುತ್ತಿತ್ತಂತೆ! ಮಕ್ಕಳು ಹೋ ಎಂದು ಕೂಗಿದರು. ನನ್ನ ಕೆಲಸವನ್ನು ಒಂದು ಹನಿ ನೀರು ಮಾಡುವುದೇ? ಈ ಹೆಂಗಸು ಈ ಶಾಲೆ ಬಿಟ್ಟು ಹೋದರೆ ಸಾಕು ಎಂದು ಮನಸಾರೆ ಶಪಿಸಿದೆ.

ಮಳೆಗಾಲ ಮುಗಿಯುವಾಗ ಐದನೇ ತರಗತಿಯ ಒಂಬತ್ತು ಮಕ್ಕಳು ಜ್ವರ, ಹೊಟ್ಟೆನೋವು ಎಂದು ಮಲಗಿದರು. ಭಾಗೀರಥಿ ಉಳಿದವರನ್ನು ಕುಡಿಯುವ ನೀರಿನ ಸಿಮೆಂಟು ಟಾಕಿಯ ಹತ್ತಿರ ಕರೆದೊಯ್ದಳು. ಟಾಕಿಗೆ ಮುಚ್ಚಳವಿರಲಿಲ್ಲ. ಹುಲಿಗೆಮ್ಮ ಎಂಬ ಹುಡುಗಿ ಬಾಟಲಿಯಲ್ಲಿ ನೀರು ಮೊಗೆದು ಬಿಸಿಲಿಗೆ ಎತ್ತಿ ಹಿಡಿದಳು. ಅದರಲ್ಲಿ ಸಣ್ಣ ಹುಳುಗಳು ಡೊಂಕಾಗಿ ಕುಣಿಯುತ್ತಿದ್ದವು. ಬಾಯಿಗೆ ಬಟ್ಟೆ ಕಟ್ಟಿ ಬಾಟಲಿಯನ್ನು ತರಗತಿಯಲ್ಲೇ ಇಟ್ಟರು. ಮಕ್ಕಳು ದಿನಾ ನೋಡಿ ಬರೆದರು. ಆರನೆಯ ದಿನ ಬಟ್ಟೆಯ ಕೆಳಗೆ ಸೊಳ್ಳೆಗಳು ಹಾರಾಡತೊಡಗಿದವಂತೆ.

ಸುದ್ದಿ ಮನೆಮನೆಗೆ ಹೋಯಿತು. ಆ ಟಾಕಿಯನ್ನು ತಂದೆಯ ನೆನಪಿಗೆ ಕಟ್ಟಿಸಿಕೊಟ್ಟವರು ಶಾಲಾ ಸಮಿತಿಯ ಅಧ್ಯಕ್ಷ ಯಂಕನಗೌಡರು. ತಂದೆಯ ಹೆಸರು ಅದರ ಮೇಲೆ ಮಾರುದ್ದ ಅಕ್ಷರದಲ್ಲಿತ್ತು. ಮರುದಿನವೇ ಗೌಡರು ಐದಾರು ಮಂದಿಯೊಂದಿಗೆ ಮಾಸ್ತರರ ಕೋಣೆಗೆ ನುಗ್ಗಿ ಭಾಗೀರಥಿಯನ್ನು ಕರೆಸಿದರು. ಅವಳು ಬಾಟಲಿ ಹಿಡಿದೇ ಬಂದಳು.

"ನಮ್ಮಪ್ಪನ ಹೆಸರಿನ ನೀರಾಗ ಹುಳ ಐತಂತ ಊರ ತುಂಬಾ ಡಂಗುರ ಹೊಡಸ್ತೀಯೇನು? ಹುಡುಗ್ರನ್ನ ಸಾಲಿಗಿ ಕಳಸೋದು ಓದಾಕ, ಗಿಡದ ಬುಡಕ ಇರುವಿ ಎಣಸಾಕ ಅಲ್ಲ!"

"ಟಾಕಿ ತೊಳದು ವರ್ಷ ಆತ್ರಿ. ತೊಳಸಿ, ಒಂದು ಮುಚ್ಚಳಾ ಹಾಕ್ಸಿದ್ರ ಸಾಕು," ಎಂದಳು ಭಾಗೀರಥಿ. "ಬಾಟಲಿ ಇಲ್ಲೇ ಐತಿ, ನೀವ ನೋಡ್ರಿ."

"ಬಾಟಲಿ ಆಟ ಯಾರಿಗಿ ಬೇಕಾಗೇತಿ? ಹುಳ ಹೊರಗಿಂದ ತಂದು ಹಾಕಿದ್ರ ಯಾರಿಗಿ ತಿಳೀತೈತಿ? ಮಿಶಿನ್ ಐತಲ್ಲ ಮಾಸ್ತರ, ತಗೀರಿ. ಅದರಾಗ ಕಂಡ್ರ ಖರೆ. ಕಾಣಲಿಲ್ಲಂದ್ರ ಈ ಅಕ್ಕೋರು ಈ ಸಾಲ್ಯಾಗ ಇರಂಗಿಲ್ಲ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಿ ಗೌಡ್ರ?" ಎಂದಳು ಅವಳು. ಯಾರೂ ಕಿವಿಗೊಡಲಿಲ್ಲ.

ಹನ್ನೊಂದು ವರ್ಷ ಕಾದಿದ್ದ ದಿನ! ಮಾಸ್ತರು ಬೆವರುತ್ತ ಕೀಲಿ ಬಿಚ್ಚಿದರು. ಟಾಕಿಯ ನೀರಿನ ಹನಿಯೊಂದನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ನನ್ನ ಕೆಳಗಿಟ್ಟರು. ಭಾಗೀರಥಿ ಬಗ್ಗಿ ನನ್ನ ಮೇಲಿನ ಗಾಜನ್ನು ಒರೆಸಲು ಸೆರಗು ಹಿಡಿದಳು.

"ದೇವರ ಕುಂಕುಮ ಅದು, ತಗೀಬ್ಯಾಡ್ರಿ!" ಎಂದು ಮಾಸ್ತರು ಅವಳ ಕೈ ತಡೆದರು.

ಗೌಡರು ಕಣ್ಣಿಟ್ಟರು. ಬರೀ ಕೆಂಪು. ಆಚೆ ಈಚೆ ತಿರುಗಿಸಿದರು, ಮತ್ತೆ ಕೆಂಪು.

"ಹುಳಾನೂ ಇಲ್ಲ, ಹುಪ್ಪಡೀನೂ ಇಲ್ಲ," ಎಂದು ಎದ್ದು ನಿಂತರು. "ಮಿಶಿನ್ ಸುಳ್ಳು ಹೇಳತೈತೇನು?"

ಹೇಳಿತ್ತು. ಸುಳ್ಳನ್ನೇ ಹೇಳಿತ್ತು. ಆ ಹೆಂಗಸಿನ ಮೇಲೆ ಹಗೆ ಸಾಧಿಸಬೇಕೆಂದಿದ್ದೆ, ಸಾಧಿಸಿಯೂ ಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಹುಲಿಗೆಮ್ಮ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಸ್ಟೀಲಿನ ಲೋಟ, ಅದರ ತುಂಬ ಟಾಕಿಯ ನೀರು.

"ಹಂಗಾದ್ರ ಕುಡೀರಿ ಗೌಡ್ರ," ಎಂದು ಮುಂದೆ ಚಾಚಿದಳು.

ಕೋಣೆಯಲ್ಲಿದ್ದವರೆಲ್ಲ ಲೋಟವನ್ನು ನೋಡಿದರು, ಆಮೇಲೆ ಗೌಡರನ್ನು. ಗೌಡರು ಲೋಟ ಹಿಡಿದರು. ಒಳಗೆ ಇಣುಕಿದರು. ಮೇಜಿನ ಮೇಲಿಟ್ಟರು.

"ನನಗ ನೀರಡಿಕಿ ಇಲ್ಲ," ಎಂದರು.

ಆದರೂ ಅವರ ಮಾತೇ ನಡೆಯಿತು. ಹದಿನೈದು ದಿನದೊಳಗೆ ಭಾಗೀರಥಿಯನ್ನು ದೂರದ ಬೇರೊಂದು ಊರಿನ ಶಾಲೆಗೆ ಹಾಕಿದರು. ಹೋಗುವ ದಿನ ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ನೋಡಬೇಕಾದ್ದೂ ಇರಲಿಲ್ಲ.

ಅವಳು ಹೋದ ಮಾರನೆಯ ದಿನ ಹುಲಿಗೆಮ್ಮ ಮನೆಯಿಂದ ಬಾಟಲಿಯಲ್ಲಿ ಬೋರಿನ ನೀರು ತಂದಳು. ವಾರದಲ್ಲಿ ತರಗತಿಯೆಲ್ಲ ತಂದಿತು, ತಿಂಗಳಲ್ಲಿ ಶಾಲೆಯೆಲ್ಲ. ಗೌಡರ ಮಾತಿಗೆ ಹೆದರಿ ಮಾಸ್ತರು ಒಂದು ದಿನ ಬಾಟಲಿಗಳನ್ನೆಲ್ಲ ಕಸಿದುಕೊಂಡು, ಬೆತ್ತ ಹಿಡಿದು ಟಾಕಿಯ ಪಕ್ಕ ನಿಂತರು. ಒಂದು ಮಗುವೂ ನಲ್ಲಿ ತಿರುಗಿಸಲಿಲ್ಲ. ಸಂಜೆಯವರೆಗೆ ಒಣಗಿದ ಬಾಯಲ್ಲೇ ಕೂತಿದ್ದರು ಆ ಹಠಮಾರಿಗಳು. ಮರುದಿನ ಮಾಸ್ತರು ಬೆತ್ತ ತರಲಿಲ್ಲ. ಯಾರೂ ಕುಡಿಯದ ಟಾಕಿಗೆ ನೀರು ಬಿಡುವುದೂ ಕ್ರಮೇಣ ನಿಂತಿತು.

ಈರಸಂಗಪ್ಪನವರು ನಿವೃತ್ತರಾದರು. ಹೊಸ ಹೆಡ್‌ಮಾಸ್ತರರು ನನ್ನೊಳಗೆ ಇಣುಕಿ, ಕೆಟ್ಟಿದೆ ಎಂದು ಪಡಸಾಲೆಯ ಮೂಲೆಯಲ್ಲಿ ಮುರಿದ ಬೆಂಚುಗಳ ಮೇಲೆ ಇಟ್ಟರು. ಹುಲಿಗೆಮ್ಮನೂ ಹೈಸ್ಕೂಲಿಗೆ ಹೋದಳು. ನನ್ನ ಸಿಟ್ಟು ಇಳಿದಿಲ್ಲ, ಈಗ ಅದರಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಮಕ್ಕಳು ಪಡಸಾಲೆಗೆ ಬಂದು ನನ್ನ ಸುತ್ತ ಕೂರುತ್ತಾರೆ. ಒಂದನೇ ತರಗತಿಯ ಚಿಕ್ಕವರೂ ಇರುತ್ತಾರೆ. ಭಾಗೀರಥಿ ಎಂಬ ಹೆಸರನ್ನೇ ಅವರು ಕೇಳಿಲ್ಲ. ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ಅವರೂ ಅದನ್ನು ಬಿಸಿಲಿಗೆ ಎತ್ತಿ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚಿ, ನೀರನ್ನು ಸುಮ್ಮನೆ ಅಲುಗಾಡಿಸಿ, ನೋಡಿ, ಆಮೇಲೆ ಕುಡಿಯುತ್ತಾರೆ.