ಬೆಂಕಿ ಆರಿಸುವ ಸಿಲಿಂಡರಿಗೆ ಆರತಿ

ಯಾರಾದರೂ ನನಗೆ ಕಲಿಸಲು ಬಂದರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಿದ್ದೆ ಬರುತ್ತದೆ. ಇದು ನನ್ನ ಹುಟ್ಟುಗುಣ. ಇಪ್ಪತ್ತೆರಡು ವರ್ಷದಿಂದ ಮುಂಡರಗಿಯಲ್ಲಿ ಮೋಟರ್‌ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಕಳಕಪ್ಪನ ಗ್ಯಾರೇಜ್ ಎಲ್ಲಿ ಅಂತ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಅಂಥ ನನಗೆ ಐವತ್ತೆರಡನೇ ವಯಸ್ಸಿನಲ್ಲಿ, ಇದು ಪಿಸ್ಟನ್ನು, ಇದು ಪ್ಲಗ್ಗು ಅಂತ ಒಂದು ಹುಡುಗಿ ಹೇಳಿಕೊಡಲು ನಿಂತರೆ ಹೇಗಾಗಬೇಡ?

ಆದರೂ ಹೋದೆ. ಹೋಗದೆ ಗತಿ ಇರಲಿಲ್ಲ. ನನ್ನ ಗ್ಯಾರೇಜು ಇರುವುದು ಶೇಂಗಾ ವ್ಯಾಪಾರಿ ದೇವೇಂದ್ರಪ್ಪನವರ ಜಾಗದಲ್ಲಿ, ಅವರ ಗೋದಾಮಿನ ಗೋಡೆಗೆ ಹತ್ತಿಕೊಂಡು. ಹೋದ ವರ್ಷ ನಾನು ವೆಲ್ಡಿಂಗ್ ಮಾಡುವಾಗ ಕಿಡಿ ಹಾರಿ ಅವರದೊಂದು ಚೀಲ ಸುಟ್ಟಿತ್ತು. ಒಂದೇ ಚೀಲ, ಅದೂ ಖಾಲಿ, ಅದೂ ಇಲಿ ತಿಂದದ್ದು. ಅವತ್ತಿನಿಂದ ಅವರಿಗೆ ನಿದ್ದೆ ಇಲ್ಲ.

"ಕಳಕಪ್ಪ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ" ಅಂದರು ಒಂದು ದಿನ. "ಆದ್ರ ಈ ಗ್ವಾಡಿ ಆಚಿಗೆ ನಂದು ಎಂಟನೂರು ಚೀಲ ಶೇಂಗಾ ಐತಿ. ಗದಗಿನ್ಯಾಗ ಮೆಕ್ಯಾನಿಕ್ ಮಂದಿಗೆ ಟ್ರೇನಿಂಗ್ ನಡಸ್ತಾರಂತ. ಹೋಗಿ ಸರ್ಟಿಫಿಕೇಟ್ ತಗೊಂಡು ಬಾ. ಇಲ್ಲಾಂದ್ರ ಬರೂ ಅಮಾಸಿ ದಿನಾ ಕೀಲಿಕೈ ನನ್ನ ಕೈಯಾಗಿಟ್ಟು ಹೋಗು."

ಇಪ್ಪತ್ತೆರಡು ವರ್ಷ ಕೂತ ಜಾಗ. ನನ್ನ ಮನೆ ಅದರ ಹಿಂದೆಯೇ. ಅದು ಹೋದರೆ ನಾನು ಪಾನಾ-ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಊರೂರು ತಿರುಗಬೇಕು. ಹಲ್ಲು ಕಚ್ಚಿಕೊಂಡು ಗದಗಿನ ಬಸ್ಸು ಹತ್ತಿದೆ.

ಗದಗಕ್ಕೆ ಹತ್ತಿಕೊಂಡ ಬೆಟಗೇರಿಯ ಒಂದು ಹಾಲ್‌ನಲ್ಲಿ ಐದು ದಿನ ಪಾಠ. ಆರನೇ ದಿನದಿಂದ ಮೇಡಂ ನಮ್ಮ ನಮ್ಮ ಗ್ಯಾರೇಜಿಗೇ ಬಂದು ತಪಾಸಣೆ ಮಾಡುವುದು, ಪಾಸಾದರೆ ಸರ್ಟಿಫಿಕೇಟ್. ಮೇಡಂ ಅಂದರೆ ವಿದ್ಯಾಶ್ರೀ, ಲಕ್ಷ್ಮೇಶ್ವರದವಳು, ಇಪ್ಪತ್ತಾರರ ಹುಡುಗಿ. ಮೊದಲ ದಿನವೇ ನನ್ನ ಬೆರಳು ನೋಡಿ, "ಕಾಕಾ, ಆ ಉಂಗುರ ತಗೀರಿ. ಚೈನಿನಾಗ ಸಿಕ್ರ ಬೆರಳ ಹೋಗತೈತಿ" ಅಂದಳು.

ಅದು ಮದುವೆಯಲ್ಲಿ ಮಾವ ಹಾಕಿದ ಉಂಗುರ. "ಇಪ್ಪತ್ತೆಂಟು ವರ್ಷ ಆತವ್ವಾ. ಈ ಉಂಗುರಾನೂ ಬಿಡಂಗಿಲ್ಲ, ಕೊಟ್ಟವರ ಮಗಳೂ ಬಿಡಂಗಿಲ್ಲ" ಅಂದೆ. ಎಲ್ಲರೂ ಗೊಳ್ ಅಂದರು. ಆ ಹುಡುಗಿ ಮಾತ್ರ ನಗಲಿಲ್ಲ. ಸೋಪಿನ ನೀರು ತಂದು ನನ್ನ ಬೆರಳಿಗೆ ಹಚ್ಚಿ, ಅರ್ಧ ನಿಮಿಷದಲ್ಲಿ ಉಂಗುರ ಜಾರಿಸಿ, ಕಾಗದದಲ್ಲಿ ಸುತ್ತಿ ನನ್ನ ಕಿಸೆಗೇ ಹಾಕಿದಳು. ಆ ಗಳಿಗೆಯಿಂದ ನನಗೂ ಅವಳಿಗೂ ಎಣ್ಣೆ-ಸೀಗೆಕಾಯಿ.

ನನ್ನ ಪಕ್ಕದಲ್ಲಿ ಲಕ್ಷ್ಮೇಶ್ವರದ ಕುತುಬುದ್ದೀನ ಕೂಡುತ್ತಿದ್ದ. ಆಟೋ ರಿಪೇರಿಯವನು. ವ್ಯಾಪಾರ ಹೇಗೆ ಮಾಡಬೇಕು ಅನ್ನುವ ಪಾಠದ ದಿನ ಮೇಡಂ, "ಗಿರಾಕಿಗೆ ಸುಳ್ಳು ಹೇಳಬ್ಯಾಡ್ರಿ. ಕೆಲಸ ಎಂದ ಮುಗೀತೈತಿ ಅಂತ ಖರೆ ಹೇಳ್ರಿ. 'ನಾಳಿ ಬರ್ರಿ' ಅನ್ನೂದು ಇವತ್ತಿಗೆ ಬಂದ್" ಅಂದಾಗ ಅವನು ಎದ್ದು ನಿಂತ.

"ಮೇಡಂ, ಉಳದದ್ದೆಲ್ಲಾ ಬಿಡ್ತೀನ್ರಿ. ಅದೊಂದು ಬಿಡು ಅಂದ್ರ ಅಂಗಡಿ ಬಾಗಲಾನ ಹಾಕಬೇಕಾಗತೈತಿ" ಅಂದ. ಪುಣ್ಯಾತ್ಮ, ನನ್ನ ಮನಸ್ಸಿನ ಮಾತು ಆಡಿದ.

ಸಂಜೆ ಮನೆಗೆ ಬಂದರೆ ನನ್ನ ಹೆಂಡತಿ ಹನಮಂತವ್ವ ರೊಟ್ಟಿ ಬಡಿಯುತ್ತ, "ಇವತ್ತ ಏನ ಕಲಿಸಿದ್ರರಿ?" ಅಂತ ಕೇಳುತ್ತಿದ್ದಳು. ಅವಳಿಗೆ ಅದೇಕೆ ಬೇಕಿತ್ತೋ! ಗ್ಯಾರೇಜಿನೊಳಗೆ ಹೆಂಗಸರಿಗೆ ಏನು ಕೆಲಸ ಅಂತ ನಾನು ಅವಳನ್ನು ಒಂದು ದಿನವೂ ಒಳಗೆ ಬಿಟ್ಟವನಲ್ಲ, ಅಮಾವಾಸ್ಯೆ ಪೂಜೆ ಒಂದನ್ನು ಬಿಟ್ಟು. ಆದರೆ ಹಗಲೆಲ್ಲ ನುಂಗಿದ ಸಿಟ್ಟು ಎಲ್ಲಾದರೂ ಕಾರಬೇಕಲ್ಲ. ಹೆಗಲಿಗೆ ಶಲ್ಯವನ್ನು ಅವಳ ದುಪಟ್ಟಾದ ಹಾಗೆ ಹೊದ್ದುಕೊಂಡು, ಕೈಯಲ್ಲಿ ಲಟ್ಟಣಿಗೆ ಹಿಡಿದು, ಕೀರಲು ದನಿಯಲ್ಲಿ ಥೇಟ್ ಮೇಡಂ ಹಾಗೆ ಶುರುಮಾಡುತ್ತಿದ್ದೆ.

"ನೋಡ್ರಿ ಕಾಕಾ, ಇಂಜಿನ್ನಿಗೆ ನಾಕ ಹೊಡತ! ಮೊದಲ ಪೆಟ್ರೋಲ್ ಹಬಿ ಒಳಗ ಎಳಕೊಳ್ತೈತಿ, ಆಮ್ಯಾಲ ಒತ್ತಿ ಹಿಡೀತೈತಿ, ಆಮ್ಯಾಲ ಸಿಡೀತೈತಿ, ಕಡೀಕೆ ಹೊಗಿ ಹೊರಗ ಬಿಡ್ತೈತಿ!"

ಹನಮಂತವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಯ್ಯ, ಇದು ನಿಮ್ಮ ಸಿಟ್ಟಿನ ಸುದ್ದಿನ ಆತಲ್ಲರಿ. ಮಂದಿ ಮಾತು ಒಳಗ ಎಳಕೊಳ್ತೀರಿ, ಒತ್ತಿ ಹಿಡೀತೀರಿ, ಮನಿಗೆ ಬಂದು ಸಿಡೀತೀರಿ, ಕಡೀಕೆ ಬೀಡಿ ಹಚ್ಚಿ ಹೊಗಿ ಬಿಡ್ತೀರಿ" ಅಂದಳು.

ನಾಲ್ಕನೇ ದಿನದ ಪಾಠ ಬೆಂಕಿಯದು. ಅವತ್ತಂತೂ ಶಲ್ಯದ ಮೇಲೆ ಶಲ್ಯ ಹೊದ್ದು ಕುಣಿದೆ. "ಪೆಟ್ರೋಲಿಗೆ ಬೆಂಕಿ ಹತ್ತಿದ್ರ ನೀರ ಹಾಕಬ್ಯಾಡ್ರಿ ಕಾಕಾ! ನೀರಿನ ಮ್ಯಾಲ ಪೆಟ್ರೋಲ್ ತೇಲತೈತಿ, ಬೆಂಕಿ ಊರೆಲ್ಲಾ ಅಡ್ಡಾಡತೈತಿ!"

"ಮತ್ತ ಏನ ಹಾಕೂದಂತ್ರಿ?"

"ಉಸುಕು ಹಾಕಬೇಕಂತ. ಇಲ್ಲಾ ಹಸಿ ಚೀಲ ಹೊಚ್ಚಬೇಕಂತ. ಬೆಂಕಿಗೆ ಉಸರ ಸಿಗಬಾರದಂತ. ಬೆಂಕಿಗೆಲ್ಲೈತಿ ಉಸರು? ಅದೇನು ಏದುಸಿರು ಬಿಡೂ ಬಸರಿ ಹೆಂಗಸೇನು?"

ಹನಮಂತವ್ವ ನಗುತ್ತ, "ಮತ್ತ ಒಲಿಯಾಗಿನ ಕೆಂಡಕ್ಕ ಬೂದಿ ಮುಚ್ಚಿದ್ರ ಆರೂದಿಲ್ಲೇನ್ರಿ? ಅಕಿ ಖರೇನ ಹೇಳ್ಯಾಳ ಬಿಡ್ರಿ" ಅಂದಳು. ನನಗೆ ರೇಗಿತು. ರೊಟ್ಟಿ ಹಾಕು ಅಂದೆ.

ಗ್ಯಾರೇಜಿನಲ್ಲಿ ಬೆಂಕಿ ಆರಿಸುವ ಸಿಲಿಂಡರು ಮತ್ತು ಒಂದು ಬಕೀಟು ಉಸುಕು ಇರಲೇಬೇಕೆಂದು ಮೇಡಂ ಹುಕುಂ ಮಾಡಿದ್ದಳು. ಐದನೇ ದಿನ ಗದಗಿನಲ್ಲಿ ಸಿಲಿಂಡರು ಕೊಂಡು, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರು ಗ್ಯಾಸ್ ಒಯ್ಯಾಕ ಬರಂಗಿಲ್ಲ, ಇಳೀರಿ ಅಂದ. ಇದು ಬೆಂಕಿ ಹಚ್ಚೂದಲ್ಲೋ ಮಾರಾಯಾ, ಆರಸೂದು ಅಂತ ತಿಳಿಸಿ ಹೇಳುವುದರೊಳಗೆ ಅರ್ಧ ದಾರಿ ಮುಗಿದಿತ್ತು. ಉಸುಕು ನನ್ನ ಹಳೆಯ ಗಿರಾಕಿ, ಕೊರ್ಲಹಳ್ಳಿಯ ಈಶಪ್ಪ ತಂದುಕೊಟ್ಟ.

ಮರುದಿನವೇ ನನ್ನ ತಪಾಸಣೆ. ಅವತ್ತೇ ಅಮಾವಾಸ್ಯೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡದವನು ಗಾಡಿ ಇಟ್ಟವನೇ ಅಲ್ಲ. ಗ್ಯಾರೇಜಿನಲ್ಲಂತೂ ಪಾನಾ, ಸುತ್ತಿಗೆ, ಗಾಳಿ ಹೊಡೆಯುವ ಮಷೀನು, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಹನಮಂತವ್ವ ಬೆಳಿಗ್ಗೆ ಮಿಂದು ಮಡಿಯುಟ್ಟು ಒಳಗೆ ಬಂದವಳು ಗೋಡೆಗೆ ತೂಗುಹಾಕಿದ ಸಿಲಿಂಡರು ನೋಡಿ ನಿಂತುಬಿಟ್ಟಳು.

"ಅಯ್ಯ ನಮ್ಮಪ್ಪಾ! ಕೆಂಪಗ ಹನಮಪ್ಪ ನಿಂತಂಗ ಐತಲ್ಲರಿ! ಲಂಕಾಕ ಬೆಂಕಿ ಹಚ್ಚಿದಾಂವ ನಮ್ಮ ಮನ್ಯಾಗ ಆರಸಾಕ ಬಂದಾನ."

ಆಮೇಲೆ ಕೇಳಬೇಕೇ. ಸಿಲಿಂಡರಿನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಹಿಡಿಕೆಗೆ ಅರಿಶಿಣ ಕೊಂಬು ಸೇರಿಸಿ ಒಂಬತ್ತು ಸುತ್ತು ದಾರ ಬಿಗಿದಳು. ಉಸುಕಿನ ಬಕೀಟಿನಲ್ಲಿ ಊದಿನಕಡ್ಡಿ ನೆಟ್ಟಳು. ಪೂಜೆ ಆದದ್ದು ಒಳ್ಳೆಯದೇ ಅಂದುಕೊಂಡೆ. ಮೇಡಂಗಿಂತ ಹನಮಪ್ಪನ ಮೇಲೆ ನನಗೆ ಭರವಸೆ ಜಾಸ್ತಿ.

ಹನಮಂತವ್ವ ಆರತಿ ತಟ್ಟೆ ತರಲು ಮನೆಗೆ ಹೋದಳು. ಆ ಹೊತ್ತಿಗೆ ಸರಿಯಾಗಿ ಈಶಪ್ಪ ತನ್ನ ಗಾಡಿ ತಳ್ಳಿಕೊಂಡು ಬಂದ. ಕಾರ್ಬುರೇಟರಿನಲ್ಲಿ ಕಸ. ಉಸುಕು ತಂದುಕೊಟ್ಟವನಿಗೆ ಇಲ್ಲ ಅನ್ನುವುದು ಹೇಗೆ? ಆಯಿಲ್ ಕ್ಯಾನನ್ನು ಅರ್ಧ ಕೊಯ್ದು ಮಾಡಿದ ಡಬ್ಬಿಯಲ್ಲಿ ಪೆಟ್ರೋಲ್ ಸುರುವಿ ಕಾರ್ಬುರೇಟರ್ ಬಿಚ್ಚಿ ನೆನೆಹಾಕಿದೆ. ಈಶಪ್ಪ ಚಹಾ ಕುಡಿಯಲು ಹೋದ. ಅಷ್ಟರಲ್ಲಿ ಹೊರಗೆ ಸ್ಕೂಟಿ ನಿಂತ ಸಪ್ಪಳ. ಮೇಡಂ! ಹಿಂದೆಯೇ ದೇವೇಂದ್ರಪ್ಪನವರು, ಕೀಲಿಕೈ ಈಸಿಕೊಳ್ಳಲು ಬಂದವರ ಹಾಗೆ.

ಪೆಟ್ರೋಲ್ ತೆರೆದಿಡಬಾರದು, ಮುಚ್ಚಳದ ಡಬ್ಬಿಯಲ್ಲೇ ಇಡಬೇಕು ಅನ್ನುವುದು ಮೇಡಂಳ ಮೊದಲ ಪಾಠ. ನಾನು ಕಾಲಿನಿಂದ ಆ ಡಬ್ಬಿಯನ್ನು ಮೆಲ್ಲಗೆ ಪಾನಾ ಇಡುವ ಟೇಬಲ್ಲಿನ ಕೆಳಗೆ ತಳ್ಳಿದೆ. ಪೂಜೆಗೆಂದು ಟೇಬಲ್ಲಿಗೆ ಹೊದಿಸಿದ್ದ ಕೆಂಪು ಬಟ್ಟೆ ಅದನ್ನು ಮುಚ್ಚಿತು.

ವಿದ್ಯಾಶ್ರೀ ಒಳಗೆ ಬಂದು ಸುತ್ತ ನೋಡಿದಳು. ವೈರು ನೋಡಿದಳು, ನೆಲ ನೋಡಿದಳು, ನನ್ನ ಬೆರಳೂ ನೋಡಿದಳು. ಉಂಗುರ ಇರಲಿಲ್ಲ.

"ಛಲೋ ಆತು ಕಾಕಾ. ತೆರದ ಪೆಟ್ರೋಲ್ ಎಲ್ಲೂ ಇಲ್ಲಲಾ?"

"ಇಲ್ಲವ್ವಾ" ಅಂದೆ.

ಅವಳು ದೇವೇಂದ್ರಪ್ಪನವರ ಜೊತೆ ಹೊರಗೋಡೆಯ ಮೇನ್ ಸ್ವಿಚ್ ನೋಡಲು ಹೋದಳು. ಹನಮಂತವ್ವ ಆರತಿ ತಟ್ಟೆಯಲ್ಲಿ ಕರ್ಪೂರ ಇಟ್ಟುಕೊಂಡು ಮನೆಯಿಂದ ಬಂದು ಸಿಲಿಂಡರಿನ ಮುಂದೆ ನಿಂತಳು. ಕಡ್ಡಿ ಗೀರುವ ಮೊದಲು ನನ್ನ ಕಡೆ ತಿರುಗಿ, "ರೀ, ಇಲ್ಲೇ ಬೆಳಗಲೇನು? ಪೆಟ್ರೋಲ್ ಇಲ್ಲ ಹೌದಿಲ್ಲೋ?" ಅಂದಳು.

ಬಾಗಿಲ ಆಚೆ ದೇವೇಂದ್ರಪ್ಪನವರ ಚಪ್ಪಲಿ ಕಾಣುತ್ತಿತ್ತು. "ಇಲ್ಲ ಅಂದ್ನೆಲ್ಲಾ. ಜಲ್ದಿ ಬೆಳಗಿ ಮನಿಗೆ ನಡಿ" ಅಂದೆ.

ಅವಳು ಕರ್ಪೂರ ಹಚ್ಚಿದಳು. ಎರಡು ಸುತ್ತು ಬೆಳಗಿರಬೇಕು, ಉರಿಯುವ ಕರ್ಪೂರದ ಒಂದು ಬಿಲ್ಲೆ ತಟ್ಟೆಯಿಂದ ಜಾರಿ ಪಕ್ಕದ ಟೇಬಲ್ಲಿನ ಬುಡಕ್ಕೆ ಬಿತ್ತು. ಭುಗ್ ಅಂತು! ಕೆಂಪು ಬಟ್ಟೆ ಹೋಯಿತು, ಡಬ್ಬಿಯಿಂದ ಜ್ವಾಲೆ ಟೇಬಲ್ಲಿನ ಅಂಚು ಸವರಿ ಸೊಂಟದೆತ್ತರ ಎದ್ದಿತು. ಗೋಡೆಯ ಆಚೆ ಎಂಟುನೂರು ಚೀಲ ಶೇಂಗಾ.

"ಸಿಲಿಂಡರ್ ತಗೀರಿ ಕಾಕಾ! ಪಿನ್ ಎಳೀರಿ!" ಅಂತ ಹೊರಗಿನಿಂದ ಕೂಗಿ ವಿದ್ಯಾಶ್ರೀ ಮೇನ್ ಆಫ್ ಮಾಡಿದಳು.

ನಾನು ಹಾರಿ ಸಿಲಿಂಡರಿಗೆ ಕೈ ಹಾಕಿದೆ. ಪಿನ್ ಎಲ್ಲಿದೆ? ಹಾರದ ಕೆಳಗೆ ದಾರ, ದಾರದ ಕೆಳಗೆ ಅರಿಶಿಣ ಕೊಂಬು, ಮತ್ತೆ ದಾರ. ಎಳೆದಷ್ಟೂ ಬಿಗಿಯಿತು. ಹಲ್ಲು ಹಚ್ಚಿದೆ, ಬಾಯಿ ತುಂಬ ಕುಂಕುಮ. ಹನಮಪ್ಪಾ, ಕೈ ಬಿಟ್ಯೋ ಅಂತ ಅದನ್ನು ಅಲ್ಲೇ ಬಿಟ್ಟು ಮೂಲೆಯಲ್ಲಿದ್ದ ನೀರಿನ ಕೊಡ ಎತ್ತಿದೆ.

"ನೀರ ಹಾಕಬ್ಯಾಡ್ರೀ!"

ಇಪ್ಪತ್ತೆಂಟು ವರ್ಷದಲ್ಲಿ ಹನಮಂತವ್ವ ಹಾಗೆ ಒದರಿದ್ದನ್ನು ನಾನು ಕೇಳಿರಲಿಲ್ಲ. ನನ್ನನ್ನು ಪಕ್ಕಕ್ಕೆ ನೂಕಿ, ಊದಿನಕಡ್ಡಿ ಸಮೇತ ಉಸುಕಿನ ಬಕೀಟು ಎತ್ತಿ, ಬಗ್ಗಿ ಟೇಬಲ್ಲಿನ ಕೆಳಗಿನ ಡಬ್ಬಿಯ ಮೇಲೆ ಸುರುವಿದಳು. ಬಾಗಿಲಲ್ಲಿದ್ದ ಗೋಣಿಚೀಲ ನನ್ನ ಕೊಡದ ನೀರಿನಲ್ಲೇ ತೋಯಿಸಿ ಅದರ ಮೇಲೆ ಹೊಚ್ಚಿದಳು. ಒಂದಿಷ್ಟು ಕರಿಹೊಗೆ ಬಂತು. ಆಮೇಲೆ ಏನೂ ಇಲ್ಲ.

ಹನಮಂತವ್ವ ಸೆರಗಿನಿಂದ ಕೈಯ ಮಸಿ ಒರೆಸಿಕೊಂಡಳು. ನನ್ನ ಮುಖ ನೋಡಿ ಮೆಲ್ಲಗೆ, "ಇಲ್ಲ ಅಂದ್ರಿ. ನಿಮ್ಮ ಮಾತು ನಂಬಿ ಕರ್ಪೂರ ಹಚ್ಚೀನಿ" ಅಂದಳು.

ಬೆಂಕಿಯ ಝಳಕ್ಕೆ ಸುಡದ ನನ್ನ ಮುಖ ಆ ಮಾತಿಗೆ ಸುಟ್ಟಿತು.

"ಈ ಡಬ್ಬಿ ಎಲ್ಲಿಂದ ಬಂತು?" ಅಂತ ವಿದ್ಯಾಶ್ರೀ ಕೇಳಿದಳು. ಈಶಪ್ಪ ಇಟ್ಟು ಹೋಗಿದ್ದಾನೆ ಅನ್ನಬಹುದಿತ್ತು. ಅವನು ಇನ್ನೂ ಚಹಾದಂಗಡಿಯಲ್ಲಿದ್ದ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹೆಂಡತಿಯ ಮಸಿ ಹಿಡಿದ ಸೆರಗು ನೋಡಿ ಆಗಲಿಲ್ಲ.

"ನಾನ ಇಟ್ಟಿದ್ದೆ. ನೀ ಬಂದದ್ದು ನೋಡಿ ಕಾಲಿಲೆ ಒಳಗ ತಳ್ಳಿದೆ. ಅಕೀಗೂ ಸುಳ್ಳು ಹೇಳಿದೆ. ತಪ್ಪಾತವ್ವಾ."

"ಹಂಗಾದ್ರ ಸರ್ಟಿಫಿಕೇಟ್ ಕೊಡಾಕ ಬರಂಗಿಲ್ಲ ಕಾಕಾ" ಅಂದಳು. ಅವಳಿಗೂ ಕೆಟ್ಟದೆನಿಸಿತ್ತು ಅಂತ ಕಾಣುತ್ತದೆ, ನೆಲ ನೋಡುತ್ತ ಹೇಳಿದಳು.

ದೇವೇಂದ್ರಪ್ಪನವರು ಕೈ ಚಾಚಿದರು. ನಾನು ಉಡದಾರದಿಂದ ಕೀಲಿಕೈ ಬಿಚ್ಚಿ ಕೊಟ್ಟೆ. ಇಪ್ಪತ್ತೆರಡು ವರ್ಷ ಸೊಂಟದಲ್ಲಿದ್ದದ್ದು.

ಅವರು ಅದನ್ನು ಕಿಸೆಗೆ ಹಾಕಲಿಲ್ಲ. "ತಂಗಿ, ನೀರ ಹಾಕಬಾರದು ಅಂತ ನಿನಗ ಯಾರ ಹೇಳಿದ್ರು?" ಅಂತ ಹನಮಂತವ್ವನನ್ನು ಕೇಳಿದರು.

"ಇವರರಿ. ದಿನಾ ಸಂಜಿಗೆ ಶಲ್ಯ ಹೊತಗೊಂಡು ಎಲ್ಲಾ ಕಲಸ್ತಿದ್ರು."

"ಶಲ್ಯ ಯಾಕ?" ಅಂದಳು ವಿದ್ಯಾಶ್ರೀ. ನಾನು ಮೇಲಿನ ತಗಡು ನೋಡಿದೆ.

ದೇವೇಂದ್ರಪ್ಪನವರು ಕೀಲಿಕೈಯನ್ನು ಹನಮಂತವ್ವನ ಅಂಗೈಯಲ್ಲಿಟ್ಟರು. "ಇದು ಇನ್ನ ನಿನ್ನ ಕಡೆ ಇರಲಿ. ಇಂವನ ಕೈಯಾಗ ಕೊಟ್ರ ನನಗ ನಿದ್ದಿ ಬರಂಗಿಲ್ಲ. ಮುಂದಿನ ಟ್ರೇನಿಂಗಿಗೆ ನೀ ಹೋಗು. ಅಲ್ಲೀತನಕಾ ಇಂವ ನಿನ್ನ ಮಾತು ಕೇಳಿ ಕೆಲಸಾ ಮಾಡ್ಲಿ."

ಹನಮಂತವ್ವ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕತ್ತರಿ ತಗೊಂಡು ಸಿಲಿಂಡರಿನ ದಾರವೆಲ್ಲ ಕತ್ತರಿಸಿದಳು. "ಹನಮಪ್ಪನ ಕೈ ನಾನ ಕಟ್ಟಿಟ್ಟಿದ್ದೆ. ನಂದೂ ತಪ್ಪ ಐತಿ" ಅಂದಳು. ಮತ್ತೆ ನನಗೆ ಮೊದಲ ಹುಕುಂ: "ಮುಚ್ಚಳಿದ್ದ ಡಬ್ಬಿ ತರ್ರಿ. ನಾಳಿ ಅಲ್ಲ, ಈಗ."

ಹೋದ ತಿಂಗಳು ಅವಳು ಐದು ದಿನ ಬೆಟಗೇರಿಗೆ ಹೋಗಿ ಬಂದಳು. ಅವಳು ಬಸ್ಸಿಳಿಯುವ ಹೊತ್ತಿಗೆ ನಾನು ಚಹಾಕ್ಕೆ ಇಟ್ಟು ಕಾಯುತ್ತಿದ್ದೆ. ನಾಲ್ಕನೇ ದಿನ ಕೇಳಿದೆ, "ಇವತ್ತ ಏನ ಕಲಿಸಿದ್ರು?"

ಅವಳು ನನ್ನ ಟವೆಲ್ ತಲೆಗೆ ಸುತ್ತಿಕೊಂಡು, ಹುಬ್ಬು ಗಂಟು ಹಾಕಿ, ಗಡಸು ದನಿ ತೆಗೆದಳು. "ಶಿರಹಟ್ಟಿಯಿಂದ ಒಬ್ಬಾಂವ ಬಂದಾನ್ರಿ. 'ಮೂವತ್ತು ವರ್ಷ ಆತು, ನನಗೇನ ಕಲಸ್ತೀ ಹೋಗವಾ' ಅಂತಾನ. ಮೇಡಂ ಉಸುಕಿನ ಸುದ್ದಿ ಹೇಳೂ ಮುಂದ ಗೊರಕಿ ಹೊಡೀತಿದ್ದ."

ನನಗೆ ಆ ಮನುಷ್ಯನ ಮೇಲೆ ಎಂಥ ಕರುಣೆ ಬಂತೆಂದರೆ, ಚಹಾ ಉಕ್ಕಿದ್ದೂ ಕಾಣಲಿಲ್ಲ.

"ಆಂವಗ ಹೇಂತಿ ಅದಾಳೇನು?" ಅಂದೆ.

"ಅದಾಳಂತ. ದಿನಾ ಸಂಜಿಗೆ ಏನ ಕಲಿಸಿದ್ರು ಅಂತ ಕೇಳ್ತಾಳಂತ."

"ಹಂಗಾದ್ರ ಚಿಂತಿಲ್ಲ ಬಿಡು" ಅಂದೆ. "ಆಂವನ ಗ್ಯಾರೇಜ್ ಉಳೀತು."